ಚಾವುಂಡರಾಯನ ಹೊಳಪು

ಹೋದ ವರ್ಷ ರಾಜ್ಯೋತ್ಸವಕ್ಕೆ ಬಂದ ಅತಿಥಿಗಳಿಗೆ ನಮ್ಮ ಕ್ಲಬ್‌ನಿಂದ ಪುಟ್ಟ ಹಿತ್ತಾಳೆ ಗೊಮ್ಮಟ ಕೊಟ್ಟಿದ್ವಿ. ಕನ್ನಡಿ ಥರ ಹೊಳೀತಿತ್ತು. ಎರಡೇ ತಿಂಗಳಿಗೆ ಒಬ್ಬ ಮೇಷ್ಟ್ರ ಶೋಕೇಸ್‌ನಲ್ಲೇ ಸಿಪ್ಪೆ ಎದ್ದಿತು. ಮ್ಯಾಗ್ನೆಟ್ ಹಿಡಿದ್ರೆ ಅಂಟಿಕೊಳ್ತು: ಒಳಗೆಲ್ಲ ಕಬ್ಬಿಣ, ಹಿತ್ತಾಳೆ ಮೇಲಿನ ಲೇಪ ಮಾತ್ರ. ಅಸಲಿ ಗೊಮ್ಮಟನನ್ನು ಮಾಡಿಸಿದವನ ಬಗ್ಗೆ ನಾವು ಓದಿದ್ದು ಆ ನಾಚಿಕೆಯಿಂದಲೇ.

ಚಾವುಂಡರಾಯ ಗಂಗ ದೊರೆ ಮಾರಸಿಂಹ, ಆಮೇಲೆ ರಾಚಮಲ್ಲ, ಇಬ್ಬರಿಗೂ ಮಂತ್ರಿ, ದಂಡನಾಯಕ. ಕತ್ತಿ ಹಿಡಿದ ಕೈಯಲ್ಲೇ 978ರಲ್ಲಿ 24 ತೀರ್ಥಂಕರರ ಕಥೆಯನ್ನು ಕನ್ನಡ ಗದ್ಯದಲ್ಲಿ ಬರೆದ. ಕವಿ ರನ್ನನಿಗೆ ಆಸರೆಯಾದ. ಸುಮಾರು 981ರಲ್ಲಿ ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಬೆಟ್ಟದ ತುದಿಯ ಗ್ರಾನೈಟ್ ಬಂಡೆಯಲ್ಲೇ ಸುಮಾರು 58 ಅಡಿ ಎತ್ತರದ ಗೊಮ್ಮಟನನ್ನು ಕಡೆಸಿದ. ಸಾವಿರ ವರ್ಷದ ಬಿಸಿಲು ಮಳೆ ಆದ್ಮೇಲೂ ಆ ಮೈ ನುಣುಪಾಗಿದೆ. ಅಲ್ಲಿ ಸಿಪ್ಪೆ ಏಳೋಕೆ ಬಳಿದದ್ದು ಏನೂ ಇಲ್ಲ, ಹೊಳಪು ಕಲ್ಲಿನದೇ. ಲ್ಯಾಬ್‌ನಲ್ಲಿ ಲೋಹಕ್ಕೂ ನಾವು ಮಾಡೋದು ಇದೇ: ಮೊದಲು ಒರಟು ಎಮರಿ ಪೇಪರ್, ಆಮೇಲೆ ನಯವಾದದ್ದು, ಪ್ರತಿ ಸಲ ಹಿಂದಿನ ಗೀರು ಹೋಗೋ ತನಕ ಉಜ್ಜೋದು. ಒಂದು ಹಂತ ಹಾರಿಸಿದ್ರೆ ಕೊನೆಯ ಹೊಳಪಲ್ಲಿ ಆ ಗೀರೇ ಮೊದಲು ಕಾಣತ್ತೆ.

ಮಾಡಿಸಿದವನಿಗೆ ಗರ್ವ ಬಂತು, ಅವನು ಸುರಿಸಿದ ಹಾಲು ಗೊಮ್ಮಟನ ಪಾದ ಮುಟ್ಟಲಿಲ್ಲ, ಒಬ್ಬ ಅಜ್ಜಿ ಗುಳ್ಳಕಾಯಲ್ಲಿ ತಂದ ಚೂರು ಹಾಲು ಇಡೀ ಮೈ ತೋಯಿಸಿತು ಅಂತ ಕಥೆ. ಆ ಗುಳ್ಳಕಾಯಜ್ಜಿ ಈಗಲೂ ಗೊಮ್ಮಟನ ಎದುರಿಗೇ ಕಲ್ಲಾಗಿ ನಿಂತಿದ್ದಾಳೆ.

ಈ ಸಲ ಮ್ಯಾಗ್ನೆಟ್ ಜೇಬಲ್ಲಿಟ್ಟುಕೊಂಡೇ ಹೊರಟ್ವಿ. ತಂದದ್ದು ಸ್ವಲ್ಪ ಮಂಕಾದ ಗಟ್ಟಿ ಹಿತ್ತಾಳೆ. ಕಪ್ಪಾದ್ರೆ ಹುಣಸೆಹಣ್ಣಿದೆ.