ಡಾ. ಹರ್ಮನ್ ಮೊಗ್ಲಿಂಗ್ ಮತ್ತು ನಮ್ಮ ಮಹಾಕಾವ್ಯಗಳು

ಕನ್ನಡದ ಪ್ರಥಮ ಪತ್ರಿಕೆ ‘ಮಂಗಳೂರ ಸಮಾಚಾರ’ದ ಸಂಪಾದಕರೆಂದು ಡಾ. ಹರ್ಮನ್ ಮೊಗ್ಲಿಂಗರ ಹೆಸರನ್ನು ವಿದ್ಯಾರ್ಥಿಗಳು ಕೇಳಿರುತ್ತಾರೆ. ಆದರೆ ನಮ್ಮ ಹಿರಿಯ ಕಾವ್ಯಗಳನ್ನು ಅಚ್ಚು ಹಾಕಿಸಿ ಓದುಗರ ಕೈಗಿತ್ತವರಲ್ಲಿ ಅವರು ಮುಂಚೂಣಿಯಲ್ಲಿದ್ದರೆಂಬುದೂ, ಆ ಕಾರ್ಯಕ್ಕೆ ನಮ್ಮ ಕೆತ್ತಿಯ ನಂಟಿತ್ತೆಂಬುದೂ ಅನೇಕರಿಗೆ ತಿಳಿಯದು.

ಮೊಗ್ಲಿಂಗರು 1811ರಲ್ಲಿ ಜರ್ಮನಿಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. 1836ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಮಂಗಳೂರಿಗೆ ಬಂದು, ಕನ್ನಡವನ್ನು ಶ್ರದ್ಧೆಯಿಂದ ಕಲಿತರು. 1843ರ ಜುಲೈ 1ರಂದು ತಮ್ಮ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರತಂದರು.

ಆ ಕಾಲದಲ್ಲಿ ಭಾರತ, ರಾಮಾಯಣಗಳು ಹೆಚ್ಚಾಗಿ ಓಲೆಗರಿಗಳಲ್ಲೇ ಇದ್ದವು. ಕುಮಾರವ್ಯಾಸ ಭಾರತವೊಂದರಲ್ಲೇ ಎಂಟು ಸಾವಿರಕ್ಕೂ ಮಿಕ್ಕಿ ಪದ್ಯಗಳಿವೆ. ಇಷ್ಟನ್ನು ಕೈಯಿಂದ ಪ್ರತಿಮಾಡುವುದು ಸಾಮಾನ್ಯ ಶ್ರಮವಲ್ಲ. ಆದುದರಿಂದ ಜನಸಾಮಾನ್ಯರು ಯಾರಾದರೂ ಓದಿ ಹೇಳಿದಾಗ ಕೇಳಬೇಕಾಗಿತ್ತು. ನಡುವೆ ಒಂದು ದಿನ ತಪ್ಪಿದರೆ ಕಥೆಯ ಎಳೆ ತಪ್ಪುತ್ತಿತ್ತು. ಹಿಂದಿರುಗಿ ನೋಡಲು ಕೈಯಲ್ಲಿ ಪುಸ್ತಕವಿರಲಿಲ್ಲ.

ಈ ಕೊರತೆಯನ್ನು ನೀಗಲು ಮುಂದೆ ಬಂದವರು ಕೆತ್ತಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ಅವರು. ತಾವೂ ಕನ್ನಡ ಕಲಿತು, ಬಡಗರ ಮಕ್ಕಳಿಗಾಗಿ ಇಲ್ಲಿ ಶಾಲೆ ತೆರೆಸಿದ್ದ ಆ ಮಹನೀಯರು ಕನ್ನಡ ಕಾವ್ಯಗಳ ಪ್ರಕಟಣೆಗೆ ಧನಸಹಾಯ ಮಾಡಿದರು. 1849ರಲ್ಲಿ ಅವರು ಕಾಲವಾದರೂ ಕೆಲಸ ನಿಲ್ಲಲಿಲ್ಲ. 1848ರಿಂದ 1853ರವರೆಗೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು ಮುಂತಾದವು ಬೆಳಕು ಕಂಡವು. ಮತಪ್ರಚಾರಕ್ಕೆಂದು ಬಂದವರು ಅನ್ಯಮತದ ಕಾವ್ಯಗಳಿಗಾಗಿ ಇಷ್ಟು ದುಡಿದುದು ಗಮನಾರ್ಹವಾದುದು.

ಇವುಗಳಲ್ಲಿ ಲಕ್ಷ್ಮೀಶನ ಜೈಮಿನಿ ಭಾರತವು ಅದ್ಭುತಗಳ ಆಗರ. ಧರ್ಮರಾಯನ ಯಜ್ಞದ ಕುದುರೆ ದೇಶದಿಂದ ದೇಶಕ್ಕೆ ಅಲೆಯುತ್ತದೆ. ಒಂದು ಕೊಳಕ್ಕಿಳಿದು ಹೆಣ್ಣುಕುದುರೆಯಾಗುತ್ತದೆ, ಇನ್ನೊಂದಕ್ಕಿಳಿದು ಹುಲಿಯಾಗುತ್ತದೆ. ಸುಧನ್ವ ಕುದಿಯುವ ಎಣ್ಣೆಯಲ್ಲಿಯೂ ಬದುಕುತ್ತಾನೆ. ಪ್ರಮೀಳೆಯ ಸ್ತ್ರೀರಾಜ್ಯ ಎದುರಾಗುತ್ತದೆ. ಬಭ್ರುವಾಹನ ತಂದೆಯಾದ ಅರ್ಜುನನನ್ನೇ ಕೊಲ್ಲುತ್ತಾನೆ. ನಾಗಲೋಕದ ಮಣಿ ಅವನನ್ನು ಬದುಕಿಸುತ್ತದೆ. ನಡುವೆ ಚಂದ್ರಹಾಸನ ಕಥೆ ಬೇರೆ! ಇಷ್ಟು ಕವಲುಗಳಲ್ಲಿ ದಾರಿ ತಪ್ಪದಿರಲು ಉಪಾಯವೊಂದಿದೆ: ಕುದುರೆ ಈಗ ಎಲ್ಲಿದೆ ಎಂಬುದನ್ನು ಮಾತ್ರ ಮರೆಯಬಾರದು. ಮರೆತರೆ ನಾಲ್ಕು ಹಾಳೆ ಹಿಂದಕ್ಕೆ ತಿರುವಬೇಕು. ಆ ಅನುಕೂಲವನ್ನು ಸಾಮಾನ್ಯ ಓದುಗನಿಗೆ ಒದಗಿಸಿದ್ದೇ ಅಚ್ಚಿನ ಪುಸ್ತಕ.

ಕನ್ನಡದ ಸೇವೆಗಾಗಿ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಮೊಗ್ಲಿಂಗರಿಗೆ ಗೌರವ ಡಾಕ್ಟರೇಟ್ ನೀಡಿತು. 1860ರಲ್ಲಿ ಸ್ವದೇಶಕ್ಕೆ ಮರಳಿದ ಅವರು 1881ರಲ್ಲಿ ನಿಧನರಾದರು.

ವಿದ್ಯಾರ್ಥಿಗಳೇ, ದಪ್ಪ ಪುಸ್ತಕವೆಂದು ಅಂಜಬೇಡಿ. ದಿನಕ್ಕೊಂದು ಸಂಧಿಯಂತೆ ಓದಿದರೆ ಮೂವತ್ತನಾಲ್ಕು ದಿನಗಳಲ್ಲಿ ಜೈಮಿನಿ ಭಾರತ ಮುಗಿಯುತ್ತದೆ. ಪೋಷಕರು ಸಂಜೆ ಬಳಿಯಲ್ಲಿ ಕುಳಿತು ಕೇಳಿದರೆ ಮನೆಮಂದಿಗೆಲ್ಲ ಕಾವ್ಯದ ಸವಿ ದೊರೆಯುತ್ತದೆ. ಪರದೇಶದವರು ಬೆವರು ಸುರಿಸಿ ನಮಗೆ ಉಳಿಸಿಕೊಟ್ಟ ಸಂಪತ್ತನ್ನು ನಾವು ಕಪಾಟಿನಲ್ಲಿ ಧೂಳು ಹಿಡಿಯಲು ಬಿಡಬಾರದು.