ಹದಿನೈದಕ್ಕೇ ಹಾಡಿದ ನಾಝಿಯಾ ಹಸನ್

ಅಮ್ಮಿ ರೊಟ್ಟಿ ತಟ್ಟುವಾಗ ಗುನುಗುವುದು ನಾಝಿಯಾ ಹಸನ್ ಅವರ ಹಾಡು. ನಾಝಿಯಾ 1965ರಲ್ಲಿ ಕರಾಚಿಯಲ್ಲಿ ಹುಟ್ಟಿದರು, ಲಂಡನ್‌ನಲ್ಲಿ ಓದಿದರು. ಅಲ್ಲಿ ಅವರನ್ನು ಕಂಡ ನಟ ಫಿರೋಜ್ ಖಾನ್, ಸಂಗೀತಗಾರ ಬಿದ್ದು ಅವರ ಬಳಿ ಹಾಡಿಸಿದರು. ಈ ಇಬ್ಬರೂ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ! 1980ರಲ್ಲಿ ‘ಕುರ್ಬಾನಿ’ ಸಿನಿಮಾ ಬಂದಾಗ ನಾಝಿಯಾಗೆ ಹದಿನೈದು. ಮರುವರ್ಷ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಅದೇ ವರ್ಷ ತಮ್ಮ ಜೋಹೇಬ್ ಜೊತೆ ‘ಡಿಸ್ಕೋ ದೀವಾನೆ’ ಆಲ್ಬಂ ಮಾಡಿದರು. ಇಷ್ಟು ಹೆಸರು ಬಂದರೂ ಓದು ಬಿಡಲಿಲ್ಲ. ಅರ್ಥಶಾಸ್ತ್ರ ಓದಿದರು (ನಮ್ಮ ಕಾಮರ್ಸ್‌ನವರ ವಿಷಯವೇ), ಆಮೇಲೆ ಕಾನೂನು. 2000ದ ಆಗಸ್ಟ್ 13ರಂದು ಕ್ಯಾನ್ಸರ್‌ನಿಂದ ತೀರಿಕೊಂಡಾಗ ಬರೀ 35 ವರ್ಷ. ಅಮ್ಮಿಗೆ ಇದು ಗೊತ್ತೇ ಇರಲಿಲ್ಲ. ನಾನು ಹೇಳಿದ ದಿನ ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.