ತಂತ್ರಾಂಶ ಲೋಕಕ್ಕೆ ಶಿಸ್ತು ಕಲಿಸಿದ ವಾಟ್ಸ್ ಹಂಫ್ರಿ

1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಹಿರಿಮೆಯೊಂದಿತ್ತು. ಅದು ಸಿಎಂಎಂ ಐದನೆಯ ಹಂತದ ಮಾನ್ಯತೆ. ಆ ಅಳತೆಗೋಲಿಗೆ ಅಡಿಪಾಯ ಹಾಕಿದವರು ಅಮೆರಿಕದ ವಾಟ್ಸ್ ಹಂಫ್ರಿ. ತಂತ್ರಾಂಶವನ್ನು ಮಾರಾಟದ ಸರಕಾಗಿಸುವಲ್ಲಿಯೂ, ಅದನ್ನು ಶಿಸ್ತಿನಿಂದ ತಯಾರಿಸುವ ಮಾರ್ಗ ರೂಪಿಸುವಲ್ಲಿಯೂ ಅವರ ಪಾತ್ರ ಹಿರಿದು.

1927ರ ಜುಲೈ 4ರಂದು ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ ಹಂಫ್ರಿ ಜನಿಸಿದರು. ಅಕ್ಷರಗಳನ್ನು ಗುರುತಿಸಲು ತೊಡಕಾಗುವ ಡಿಸ್ಲೆಕ್ಸಿಯಾದಿಂದಾಗಿ ಒಂದನೆಯ ತರಗತಿಯಲ್ಲೇ ಅನುತ್ತೀರ್ಣರಾದ ಬಾಲಕ ಅವರು. ಮಗನನ್ನು ದಡ್ಡನೆಂದು ಒಪ್ಪದ ತಂದೆ, ಪ್ರತ್ಯೇಕ ಗಮನ ನೀಡುವ ಶಾಲೆಗೆ ಸೇರಿಸಿದರು. ಮುಂದೆ ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ, ಷಿಕಾಗೋ ವಿಶ್ವವಿದ್ಯಾಲಯದಿಂದ ಎಂಬಿಎ ಪಡೆದು, 1959ರಲ್ಲಿ ಐಬಿಎಂ ಸೇರಿದರು.

1966ರಲ್ಲಿ ಅಲ್ಲಿನ ತಂತ್ರಾಂಶ ವಿಭಾಗದ ಹೊಣೆ ಹೆಗಲೇರಿತು. ಏಳು ದೇಶಗಳ 15 ಪ್ರಯೋಗಾಲಯಗಳಲ್ಲಿ ಸುಮಾರು 4,000 ಎಂಜಿನಿಯರುಗಳು ದುಡಿಯುತ್ತಿದ್ದರೂ ಹೇಳಿದ ದಿನಕ್ಕೆ ಯಾವ ಕೆಲಸವೂ ಮುಗಿಯುತ್ತಿರಲಿಲ್ಲ. ವಿಚಾರಿಸಿದಾಗ ಯಾರ ಬಳಿಯೂ ಲಿಖಿತ ಯೋಜನೆಯೇ ಇರಲಿಲ್ಲ. ಯೋಜನೆ ಸಿದ್ಧವಾಗದೆ ಯಾವುದನ್ನೂ ಘೋಷಿಸುವಂತಿಲ್ಲವೆಂದು ಹಂಫ್ರಿ ಕಟ್ಟಪ್ಪಣೆ ಮಾಡಿದರು. ಪರಿಸ್ಥಿತಿ ಸುಧಾರಿಸಿತು.

ಅಲ್ಲಿಯವರೆಗೆ ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆಯಿರಲಿಲ್ಲ; ಯಂತ್ರ ಕೊಂಡವರಿಗೆ ಅದು ಜೊತೆಯಲ್ಲೇ ಬರುತ್ತಿತ್ತು. 1969ರ ಜೂನ್‌ನಲ್ಲಿ ಐಬಿಎಂ ಎರಡನ್ನೂ ಬೇರ್ಪಡಿಸಿತು. ತಂತ್ರಾಂಶವನ್ನು ಪರವಾನಗಿಯ ಮೇಲೆ ನೀಡುವ ಪದ್ಧತಿಯನ್ನು ಕಂಪನಿಗೆ ತಂದ ತಂಡದ ಮುಂದಾಳು ಹಂಫ್ರಿ. ಸ್ವತಂತ್ರ ತಂತ್ರಾಂಶ ಮಾರುಕಟ್ಟೆ ಬಲಗೊಂಡದ್ದು ಈ ನಿರ್ಧಾರದಿಂದ.

1986ರಲ್ಲಿ ಅವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆ ಸೇರಿದರು. ಅಮೆರಿಕದ ರಕ್ಷಣಾ ಇಲಾಖೆಗೆ ಸಮರ್ಥ ತಂತ್ರಾಂಶ ಗುತ್ತಿಗೆದಾರರನ್ನು ಗುರುತಿಸುವ ವಿಧಾನ ಬೇಕಿತ್ತು. ಗೊಂದಲದ ಮೊದಲ ಹಂತದಿಂದ ನಿರಂತರ ಸುಧಾರಣೆಯ ಐದನೆಯ ಹಂತದವರೆಗಿನ ಮೆಟ್ಟಿಲುಗಳನ್ನು ಹಂಫ್ರಿ ಅಣಿಗೊಳಿಸಿದರು. 1991ರಲ್ಲಿ ಅದು ಸಿಎಂಎಂ ಎಂಬ ಪೂರ್ಣರೂಪ ಪಡೆಯಿತು.

ಅದೇ ವರ್ಷ ಭಾರತದಲ್ಲಿ ಆರ್ಥಿಕ ಉದಾರೀಕರಣದ ಬಾಗಿಲು ತೆರೆಯಿತು. ಸಾವಿರಾರು ಮೈಲಿ ದೂರದ ಗ್ರಾಹಕನಿಗೆ ಬೆಂಗಳೂರಿನ ಕೆಲಸದ ಗುಣಮಟ್ಟ ಕಣ್ಣಿಗೆ ಕಾಣುವಂತಿರಲಿಲ್ಲ. ಆ ಕೊರತೆಯನ್ನು ಹಂಫ್ರಿಯವರ ಮೆಟ್ಟಿಲುಗಳು ನೀಗಿಸಿದವು. ಬೆಂಗಳೂರಿನ ಮೊಟೊರೊಲಾ ಘಟಕ 1990ರ ದಶಕದ ಪೂರ್ವಾರ್ಧದಲ್ಲೇ ಐದನೆಯ ಹಂತ ಮುಟ್ಟಿತು. 1998ರಲ್ಲಿ ವಿಪ್ರೋ, 1999ರಲ್ಲಿ ಇನ್ಫೋಸಿಸ್ ಅದೇ ಹಾದಿ ಹಿಡಿದವು.

ಆದರೆ ಸಂಸ್ಥೆಗೆ ದೊರೆತ ಮಾನ್ಯತೆಯಷ್ಟರಿಂದಲೇ ಎಂಜಿನಿಯರನ ಕೆಲಸ ಚೊಕ್ಕವಾಗುವುದಿಲ್ಲವೆಂಬುದನ್ನು ಹಂಫ್ರಿ ಬಲ್ಲವರಾಗಿದ್ದರು. ಆದ್ದರಿಂದ ತಾವೇ 60ಕ್ಕೂ ಹೆಚ್ಚು ಪ್ರೋಗ್ರಾಂ ಬರೆದು, ತಗುಲಿದ ಸಮಯ ಮತ್ತು ಆದ ತಪ್ಪುಗಳ ಲೆಕ್ಕವಿಟ್ಟು, ವ್ಯಕ್ತಿಗತ ಶಿಸ್ತಿನ ಕ್ರಮವೊಂದನ್ನು ರೂಪಿಸಿ 1995ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಈ ಲೆಕ್ಕವಿಡುವ ಕೆಲಸವನ್ನು ಯಂತ್ರಕ್ಕೆ ವಹಿಸುವುದೇ ಒಂದು ದೊಡ್ಡ ವ್ಯಾಪಾರವಾಯಿತು. ಗ್ರಾಹಕನ ಬೇಡಿಕೆ, ವಿನ್ಯಾಸ, ಕೋಡ್, ಪರೀಕ್ಷೆ, ದೋಷ, ಬದಲಾವಣೆ ಇವೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸುವ ಸಾಧನಗಳಿಗೆ ಅಪ್ಲಿಕೇಶನ್ ಲೈಫ್‌ಸೈಕಲ್ ಮ್ಯಾನೇಜ್‌ಮೆಂಟ್ ಎಂಬ ಹೆಸರು ಬಂತು. 2003ರಲ್ಲಿ ಐಬಿಎಂ ಇಂತಹ ಸಾಧನಗಳ ರ್‍ಯಾಷನಲ್ ಕಂಪನಿಯನ್ನು 210 ಕೋಟಿ ಡಾಲರ್ ತೆತ್ತು ಕೊಂಡಿತು. 2006ರಲ್ಲಿ ಎಚ್‌ಪಿ ಕಂಪನಿ ಮರ್ಕ್ಯುರಿಯನ್ನು ತನ್ನದಾಗಿಸಿಕೊಂಡಿತು.

2003ನೇ ಸಾಲಿನ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕಕ್ಕೆ ಪಾತ್ರರಾದ ಹಂಫ್ರಿ, 2010ರ ಅಕ್ಟೋಬರ್ 28ರಂದು ಫ್ಲಾರಿಡಾದಲ್ಲಿ ಕೊನೆಯುಸಿರೆಳೆದರು.

ಅವರ ಕಾಳಜಿ ಇಂದು ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ ಸಂಬಂಧಿಸಿದ್ದು. ದೇವನಹಳ್ಳಿ ಬಳಿಯ 43 ಎಕರೆಯಲ್ಲಿ, 1,600 ಕೋಟಿ ರೂಪಾಯಿ ವೆಚ್ಚದ ಬೋಯಿಂಗ್ ಎಂಜಿನಿಯರಿಂಗ್ ಕೇಂದ್ರ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ವಿಮಾನದೊಳಗಿನ ತಂತ್ರಾಂಶಕ್ಕೆ ಅನ್ವಯಿಸುವ ಡಿಒ-178ಸಿ ಮಾನದಂಡದಂತೆ ಪ್ರತಿ ಅಗತ್ಯಕ್ಕೂ ಅದರ ಕೋಡ್ ಮತ್ತು ಪರೀಕ್ಷೆಗೂ ಇರುವ ನಂಟನ್ನು ದಾಖಲೆಯಲ್ಲಿ ತೋರಿಸಬೇಕು. ಅಲ್ಲಿ ಕೊಂಡಿ ಕಳಚಿದರೆ ಪ್ರಯಾಣಿಕರ ಪ್ರಾಣಕ್ಕೇ ಕುತ್ತು. ದಾಖಲೆಯಿಡುವ ಸಾಧನವನ್ನು ಹಣ ಕೊಟ್ಟು ತರಬಹುದು. ಆ ದಾಖಲೆಯಲ್ಲಿ ಸತ್ಯವನ್ನೇ ಬರೆಯುವ ಶಿಸ್ತನ್ನು ಎಂಜಿನಿಯರ್ ತಾನೇ ರೂಢಿಸಿಕೊಳ್ಳಬೇಕು. ಹಂಫ್ರಿಯವರ ಬಾಳು ಬಿಟ್ಟುಹೋದ ಪಾಠ ಇದು.